ಕೃಷಿ ಸಬ್ಸಿಡಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆ: ಮುಖ್ಯಾಂಶಗಳು

• ಹಿನ್ನೆಲೆ: ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ವರ್ಷವಿಡೀ ಹರಿಯುವ ನದಿ ಇಲ್ಲ. ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಹೂವು ಎಲ್ಲಕ್ಕೂ ಬೋರ್‌ವೆಲ್ಲೇ ಗತಿ. ಗೌರಿಬಿದನೂರಿನ ಮುಸುಕಿನ ಜೋಳ ಹೆಚ್ಚಾಗಿ ಮಳೆಯನ್ನೇ ನಂಬಿದೆ.

• ಉಚಿತ ವಿದ್ಯುತ್: 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಆ ಹಣವನ್ನು ಸರ್ಕಾರ ಎಸ್ಕಾಂಗಳಿಗೆ ಕಟ್ಟಿಕೊಡುತ್ತದೆ. ಕರೆಂಟು ಬಿಟ್ಟಿ, ನೀರು ಬಿಟ್ಟಿಯಲ್ಲ. ಸಾವಿರ ಅಡಿ ದಾಟಿ ಕೊರೆಸಿದ ಮೇಲೂ ಬರೀ ದೂಳು ಎದ್ದರೆ ಆ ಸಾಲ ರೈತನ ತಲೆಗೇ. ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಸಬ್ಸಿಡಿ ರೈತನಿಗೇ ತಿರುಗುಬಾಣವಾದದ್ದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ.

• ಹನಿ ನೀರಾವರಿ: ಕೇಂದ್ರದ ಮಾರ್ಗಸೂಚಿಯಂತೆ ಸಹಾಯಧನ ಸಣ್ಣ, ಅತಿಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45, ರಾಜ್ಯ ಅದರ ಮೇಲೆ ಸೇರಿಸುತ್ತದೆ. ಈ ಸೀಮೆಗೆ ಒಪ್ಪುವ ಸಬ್ಸಿಡಿ ಇದೇ. (ಉಳಿದ ನೀರಿನಲ್ಲಿ ಇನ್ನೊಂದು ಎಕರೆ ನೆಟ್ಟರೆ ಉಳಿತಾಯ ಅಲ್ಲಿಗೇ ಮುಗಿಯಿತು.)

• ಯೂರಿಯಾ: 45 ಕೆ.ಜಿ. ಚೀಲಕ್ಕೆ ₹266.50. ರಂಜಕ, ಪೊಟ್ಯಾಷ್ 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಬ್ಸಿಡಿಗೆ ಬಂದವು, ಯೂರಿಯಾ ಬರಲಿಲ್ಲ. ಅಗ್ಗವಾದದ್ದನ್ನೇ ಹೆಚ್ಚು ಸುರಿದದ್ದರಿಂದ ಸಾರಜನಕ, ರಂಜಕ, ಪೊಟ್ಯಾಷ್‌ಗಳ 4:2:1ರ ಅನುಪಾತ ಕೆಟ್ಟಿತು.

• ಹಾಲು: ಲೀಟರಿಗೆ ₹5 ಪ್ರೋತ್ಸಾಹಧನ. 2008ರಲ್ಲಿ ₹2 ಇತ್ತು.

• ಬೆಲೆ: ರಾಗಿಗೆ ಬೆಂಬಲ ಬೆಲೆಯಿದೆ (2024–25ರಲ್ಲಿ ಕ್ವಿಂಟಲ್‌ಗೆ ₹4,290). ಸರ್ಕಾರ ಕೊಂಡ ರಾಗಿ ಪಡಿತರಕ್ಕೆ ಹೋಗುವುದರಿಂದ ಬೆಳೆದವನಿಗೂ ಉಣ್ಣುವವನಿಗೂ ಆಸರೆ. ಟೊಮೆಟೊಗೆ ಬೆಂಬಲ ಬೆಲೆಯೇ ಇಲ್ಲ. ಚಿಂತಾಮಣಿ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ಹರಾಜಾಗುವಾಗ ಕರೆಂಟು, ಗೊಬ್ಬರದ ಲೆಕ್ಕ ಯಾರೂ ಕೇಳುವುದಿಲ್ಲ. ಆ ದಿನದ ಆವಕವೇ ಎಲ್ಲ. ಮಾಲು ಸುರಿದ ದಿನ ಕೊಯ್ಲಿನ ಕೂಲಿ, ಟೆಂಪೊ ಬಾಡಿಗೆ, ಕಮಿಷನ್ ಕಳೆದರೆ ಬರಿಗೈ. 2023ರ ಜುಲೈನಲ್ಲಿ ಅದೇ ಹಣ್ಣು ಪೇಟೆಯಲ್ಲಿ ಕೆ.ಜಿ.ಗೆ ₹100 ದಾಟಿತು. ಸಬ್ಸಿಡಿ ಎರಡೂ ಕಾಲಕ್ಕೆ ಅಷ್ಟೇ ಇತ್ತು.



• ರೇಷ್ಮೆ: ಹುಳುಮನೆಗೆ, ಹನಿ ಪೈಪಿಗೆ ಸಹಾಯಧನ ಸಿಗುತ್ತಿತ್ತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ಬೆಲೆಯೂ ಅದರ ಹಿಂದೆಯೇ ಕುಸಿಯಿತು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಬೇಕಾಯಿತು.