ಕೈಸರನ ಬೆಳ್ಳಿಯ ನಾಣ್ಯ

ತೆರಿಗೆಯ ವಿಷಯದಲ್ಲಿ ನಮ್ಮ ಕರ್ತನ ಬಳಿಗೆ ತಂದ ನಾಣ್ಯವು ಯಾವದೆಂದು ಸಭೆಗಳಲ್ಲಿ ಕೆಲವರು ಕೇಳುವದುಂಟು. ಅದು ದೆನಾರಿಯಸ್ ಎಂಬ ರೋಮಾಯರ ಬೆಳ್ಳಿಯ ನಾಣ್ಯವು. ತಿಬೇರಿಯ ಕೈಸರನದೆಂದು ಬಹುಮಂದಿ ಪಂಡಿತರ ಅಭಿಪ್ರಾಯ. ಒಂದು ಮಗ್ಗುಲಲ್ಲಿ ಅವನ ಮುಖವೂ, ದೇವರೆನಿಸಿಕೊಂಡ ಔಗುಸ್ತನ ಮಗನೆಂಬ ಬರಹವೂ, ಇನ್ನೊಂದರಲ್ಲಿ ಕೂತಿರುವ ಸ್ತ್ರೀರೂಪವೂ ಇರುತ್ತವೆ. ಮುಖದ ಮಾತನ್ನು ಅನೇಕ ಸಾರಿ ಕೇಳಿದ್ದೇವೆ. ಈ ಸಾರಿ ಬೆಳ್ಳಿಯ ಮಾತನ್ನು ನೋಡೋಣ.

ದ್ರಾಕ್ಷೇತೋಟದ ಆಳುಗಳಿಗೆ ಒಂದು ದಿನದ ಕೂಲಿಯಾಗಿ ಗೊತ್ತುಮಾಡಿದ್ದು ಇದೇ ನಾಣ್ಯ. ಕ್ರಿ.ಶ. 14ರಲ್ಲಿ ಪನ್ನೋನಿಯದ ದಂಡಾಳುಗಳು ದಂಗೆಯೆದ್ದು ಕೇಳಿದ್ದೂ ದಿನಕ್ಕೊಂದು ದೆನಾರಿಯಸ್ ಸಂಬಳವನ್ನೇ. ಆಗ ಒಂದು ರೋಮ ರಾತ್ಲು ಬೆಳ್ಳಿಗೆ 84 ನಾಣ್ಯ ಹೊಡೆಯುತ್ತಿದ್ದರು. ನಮ್ಮ ಲೆಕ್ಕದಲ್ಲಿ ಮೂರು ನಾಣ್ಯ ಕೂಡಿದರೆ ಹೆಚ್ಚುಕಡಿಮೆ ಒಂದು ತೊಲೆ. ಬೆಳ್ಳಿಯೂ ಬಹುಮಟ್ಟಿಗೆ ಚೊಕ್ಕವಾದದ್ದು.

ಕ್ಲೌದ್ಯನ ದಿನಗಳಲ್ಲಿ ರೋಮಾಯನೊಬ್ಬನು ಬಿರುಗಾಳಿಗೆ ಸಿಕ್ಕಿ ಲಂಕಾದ್ವೀಪ ಸೇರಿದನೆಂದು ಪ್ಲೀನಿಯು ಬರೆದಿದ್ದಾನೆ. ಅವನಲ್ಲಿದ್ದ ನಾಣ್ಯಗಳ ಮುಖಗಳು ಬೇರೆಬೇರೆಯಾದರೂ ತೂಕವು ಒಂದೇ ಎಂದು ಕಂಡು, ಅಲ್ಲಿಯ ಅರಸನು ಇವರು ನಂಬಿಗಸ್ತರೆಂದು ಆಶ್ಚರ್ಯಪಟ್ಟನಂತೆ. ಆದರೆ ಹೆಚ್ಚು ಕಾಲ ಹೋಗಲಿಲ್ಲ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಅದೇ ರಾತ್ಲಿಗೆ 96 ನಾಣ್ಯ ಹೊಡಿಸಿ, ತಾಮ್ರವನ್ನೂ ಬೆರಸಿದನು. ವರ್ತಕರನ್ನು ಮೋಸಗೊಳಿಸುವದು ಸುಲಭವಲ್ಲ: ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೆಲದೊಳಗೆ ದೊರೆತ 163 ಬೆಳ್ಳಿಯ ನಾಣ್ಯಗಳು ಔಗುಸ್ತನಿಂದ ಕ್ಲೌದ್ಯನ ವರೆಗಿನ ಹಳೇ ಭಾರದ ನಾಣ್ಯಗಳೇ.

ಹಾಲಿಗೆ ನೀರು ಬೆರಸುವವಳನ್ನು ಊರೆಲ್ಲಾ ಬೈಯುತ್ತದೆ. ಅರಸನು ಬೆರಸಿದರೆ ಬೈಯುವವರು ಯಾರು? ದಂಡಿನ ಸಂಬಳ ಏರುತ್ತಾ ಹೋಯಿತು, ಗಣಿಯ ಬೆಳ್ಳಿ ಸಾಲದೆ ಬಂತು. ಸೆವೇರನ ಕಾಲಕ್ಕೆ ನಾಣ್ಯದಲ್ಲಿ ಬೆಳ್ಳಿ ಸುಮಾರು ಅರ್ಧಪಾಲು. ಅವನ ಮಗ ಕರಕಲ್ಲನು 215ರಲ್ಲಿ ಹೊಸ ನಾಣ್ಯವೊಂದನ್ನು ತಂದನು. ಬೆಲೆ ಎರಡು ದೆನಾರಿಯಸ್, ತೂಕವೋ ಒಂದೂವರೆಯದು! ಗಲ್ಲಿಯೇನನ ಆಳಿಕೆ ಮುಗಿಯುವ 268ರ ಹೊತ್ತಿಗೆ ನೂರು ಪಾಲಿನಲ್ಲಿ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ತಾಮ್ರದ ಬಿಲ್ಲೆ, ಮೇಲೆ ಬೆಳ್ಳಿಯ ತೆಳು ಲೇಪ. ಕೆಲವು ದಿನ ಕೈಯಿಂದ ಕೈಗೆ ಹೋದರೆ ಲೇಪವೂ ಸವೆಯುವದು. ಒಳ್ಳೇ ನಾಣ್ಯವಿದ್ದವರು ಹೂಳಿಟ್ಟರು. ಐಗುಪ್ತದಲ್ಲಿ ಬೇರೆ ನಾಣ್ಯ ನಡೆಯುತ್ತಿದ್ದರೂ ಅದಕ್ಕೂ ಇದೇ ಗತಿ. 260ರಲ್ಲಿ ಅಲ್ಲಿಯ ಒಕ್ಸಿರಿಂಕ ಪಟ್ಟಣದ ಸಾಹುಕಾರರು ಚಕ್ರವರ್ತಿಯ ನಾಣ್ಯವನ್ನು ಮುಟ್ಟಲೊಲ್ಲದೆ ಅಂಗಡಿ ಮುಚ್ಚಿದರು. ತೆರೆಯಿರೆಂದು ಅಧಿಕಾರಿಯು ಕೊಟ್ಟ ಆಜ್ಞೆಯ ಪತ್ರವು ಇಂದಿಗೂ ಉಳಿದದೆ.

294ರ ಸುಮಾರಿಗೆ ದಿಯೊಕ್ಲೆತಿಯನು ತಿರಿಗಿ ಒಳ್ಳೇ ಬೆಳ್ಳಿಯಲ್ಲಿ, ರಾತ್ಲಿಗೆ 96ರಂತೆ, ನಾಣ್ಯ ಹೊಡಿಸಿದನು. ಬೆಲೆಗಳು ಇಳಿಯಲಿಲ್ಲ. 301ರಲ್ಲಿ ಎಲ್ಲಾ ಸರಕಿಗೂ ಕೂಲಿಗೂ ಮಿತಿ ಗೊತ್ತುಮಾಡಿ, ಮೀರಿ ಮಾರಿದವನಿಗೂ ಕೊಂಡವನಿಗೂ ಮರಣದಂಡನೆಯೆಂದು ಸಾರಿಸಿದನು. ಆ ವೇಳೆಗೆ ದೆನಾರಿಯಸ್ ಎಂಬದು ಲೆಕ್ಕದ ಹೆಸರು ಮಾತ್ರ. ಹೊಲದ ಆಳಿಗೆ ಆ ಪಟ್ಟಿಯಲ್ಲಿ ಬರೆದ ದಿನಗೂಲಿ, ಊಟ ಸಹಿತವಾಗಿ, 25 ದೆನಾರಿಯಸ್.