ಸುಮ್ಮನಾದರೆ ಗುಣವಾದಂತೆಯೇ?

ಬನಹಟ್ಟಿಯ ಒಂದು ನೇಕಾರ ಕುಟುಂಬವನ್ನು ಕಣ್ಣಮುಂದೆ ತಂದುಕೊಳ್ಳಿ. ಇಪ್ಪತ್ತೆರಡು ವರ್ಷದ ಮಗ ಮೂರು ತಿಂಗಳಿಂದ ರಾತ್ರಿ ಸರಿಯಾಗಿ ಮಲಗಿಲ್ಲ. ಮಗ್ಗದ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುತ್ತಿದ್ದಾರೆ ಎನ್ನುತ್ತಾನೆ. ಊಟದಲ್ಲಿ ವಿಷ ಬೆರೆಸಿದ್ದಾರೆಂದು ತಾಯಿ ಬಡಿಸಿದ ತಾಟನ್ನು ತಳ್ಳುತ್ತಾನೆ. ತಡೆಯಲು ಹೋದ ಅಣ್ಣನ ಮೇಲೆ ಕೈ ಮಾಡಿದ್ದಾನೆ. ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ವೈದ್ಯರ ಮುಂದೆ ಕುಳಿತ ತಂದೆ ಕೇಳುವುದು ಒಂದೇ ಮಾತು: "ಏನರೆ ಮಾಡ್ರಿ ಸಾಹೇಬ್ರ, ಇವನ್ನ ಒಟ್ಟ ಸುಮ್ಮನ ಕೂಡೂಹಂಗ ಮಾಡ್ರಿ."

ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರೆ ಅದೇ ಮನೆಯ ಅಜ್ಜಿ ಅಡ್ಡ ಬರುತ್ತಾಳೆ: "ಬ್ಯಾಡ್ರಿಪಾ, ಅಲ್ಲಿ ತಲಿ ಕೊರದು ಆಪರೇಶನ್ ಮಾಡಿಬಿಡ್ತಾರಂತ!"

ಇಂಥ ಮನೆ ಬನಹಟ್ಟಿಯಲ್ಲಷ್ಟೇ ಅಲ್ಲ, ರಬಕವಿ, ಜಮಖಂಡಿ, ಮುಧೋಳ, ಬೀಳಗಿಗಳಲ್ಲೂ ಇರಬಹುದು. ತಂದೆಯ ಬೇಡಿಕೆ, ಅಜ್ಜಿಯ ಭಯ ಎರಡೂ ಸಹಜ. ಇವೆರಡಕ್ಕೂ ಉತ್ತರ ಹೇಳುವ ಒಂದು ಹಳೆಯ ಚಿಕಿತ್ಸೆಯ ಕಥೆಯನ್ನು ಈ ವಾರ ತಿಳಿದುಕೊಳ್ಳೋಣ. ಅದರ ಹೆಸರು ಲೋಬಾಟಮಿ, ಅಥವಾ ಲ್ಯೂಕಾಟಮಿ.

ಏನಿದು ಲೋಬಾಟಮಿ?

ನಮ್ಮ ಹಣೆಯ ಹಿಂದೆ ಮೆದುಳಿನ ಮುಂಭಾಗದ ಹಾಲೆಗಳಿವೆ. ಮುಂದಿನದನ್ನು ಯೋಚಿಸುವುದು, ಸರಿತಪ್ಪು ತೂಗಿ ನೋಡುವುದು, ಕೆಲಸ ಆರಂಭಿಸುವ ಹುರುಪು, ಇನ್ನೊಬ್ಬರ ದುಃಖಕ್ಕೆ ಮರುಗುವುದು, ಸಿಟ್ಟನ್ನು ತಡೆದುಕೊಳ್ಳುವುದು, ಇವೆಲ್ಲಕ್ಕೂ ಈ ಭಾಗ ಬೇಕು. ಇಲ್ಲಿಂದ ಮೆದುಳಿನ ಒಳಭಾಗಗಳಿಗೆ ಲಕ್ಷಾಂತರ ನರತಂತುಗಳು ಹೋಗುತ್ತವೆ. ಆ ತಂತುಗಳನ್ನು ಕತ್ತರಿಸುವುದೇ ಲೋಬಾಟಮಿ.

ಪೋರ್ಚುಗಲ್‌ನ ನರವೈದ್ಯ ಎಗಾಸ್ ಮೊನಿಜ್ ಅವರು 1935ರ ನವೆಂಬರ್‌ನಲ್ಲಿ ಲಿಸ್ಬನ್ ನಗರದಲ್ಲಿ ಇದನ್ನು ಆರಂಭಿಸಿದರು. ಮೊದಲ ಇಪ್ಪತ್ತು ರೋಗಿಗಳಲ್ಲಿ ಏಳು ಮಂದಿ ಗುಣವಾದರು, ಏಳು ಮಂದಿ ಸುಧಾರಿಸಿದರು ಎಂದು ವರದಿ ಮಾಡಿದರು. ಆದರೆ ಅವರನ್ನು ಹೆಚ್ಚು ಕಾಲ ಗಮನಿಸಿರಲಿಲ್ಲ. ಆದರೂ 1949ರಲ್ಲಿ ಮೊನಿಜ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ 1936ರಲ್ಲಿ ಇದನ್ನು ಕೈಗೆತ್ತಿಕೊಂಡರು. 1946ರಲ್ಲಿ ಫ್ರೀಮನ್ ಇನ್ನೂ ಸುಲಭದ ದಾರಿ ಹುಡುಕಿದರು. ಕಣ್ಣುಗುಡ್ಡೆಯ ಮೇಲ್ಭಾಗದ ತೆಳು ಮೂಳೆಯ ಮೂಲಕ ಮಂಜುಗಡ್ಡೆ ಒಡೆಯುವ ಮೊಳೆಯಂಥ ಸಲಾಕೆಯನ್ನು ಸುತ್ತಿಗೆಯಿಂದ ಹೊಡೆದು ಒಳಗಿಳಿಸಿ, ಅತ್ತಿತ್ತ ಆಡಿಸುವುದು. ಅಷ್ಟೇ! ಕೆಲವೇ ನಿಮಿಷಗಳ ಕೆಲಸ. ಆ ಒಂದು ದೇಶದಲ್ಲಿಯೇ ಸುಮಾರು 40 ಸಾವಿರ ಜನರಿಗೆ ಲೋಬಾಟಮಿ ಆಯಿತೆಂದು ಅಂದಾಜು. ಅವರಲ್ಲಿ ಹೆಂಗಸರೇ ಹೆಚ್ಚು.

ನಮ್ಮ ನಾಡಿಗೂ ಬಂದಿತ್ತು

ಅಜ್ಜಿಯ ಭಯ ಪೂರ್ತಿ ಕಟ್ಟುಕಥೆಯಲ್ಲ. ಬೆಂಗಳೂರಿನ ಅಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಲ್ಲೂ ಈ ಶಸ್ತ್ರಚಿಕಿತ್ಸೆ ನಡೆದಿದೆ. ಮನೋವೈದ್ಯ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್ ಅವರು ಭಾರತೀಯ ರೋಗಿಗಳಲ್ಲಿ ಮಾಡಿದ ಲ್ಯೂಕಾಟಮಿಯ ಬಗ್ಗೆ 1944ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಲೇಖನ ಪ್ರಕಟಿಸಿದರು. ಅದೇ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ, ನೀವೆಲ್ಲ ಕೇಳಿರುವ ನಿಮ್ಹಾನ್ಸ್ ಆಯಿತು.

ಇದನ್ನು ಮಾಡಿದ ವೈದ್ಯರು ಕಟುಕರೇನಲ್ಲ. ಆ ಕಾಲದಲ್ಲಿ ಸ್ಕಿಜೋಫ್ರೇನಿಯಾಕ್ಕೆ ಪರಿಣಾಮಕಾರಿ ಮಾತ್ರೆಯೇ ಇರಲಿಲ್ಲ. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಔಷಧದಿಂದ ಸೆಳವು ಬರಿಸುವುದು ಇಂಥ ಅಪಾಯದ ಚಿಕಿತ್ಸೆಗಳೇ ಗತಿಯಾಗಿದ್ದವು. ಆಸ್ಪತ್ರೆಗಳು ಕಿಕ್ಕಿರಿದಿದ್ದವು. ಒಮ್ಮೆ ಒಳಗೆ ಹೋದವರು ವರ್ಷಗಟ್ಟಲೆ ಹೊರಗೆ ಬರುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ "ಆಪರೇಷನ್ ಮಾಡಿದರೆ ಮನೆಗೆ ಕರೆದೊಯ್ಯಬಹುದು" ಎಂದರೆ ಯಾವ ತಾಯಿತಂದೆ ಒಪ್ಪುವುದಿಲ್ಲ?

ತೆತ್ತ ಬೆಲೆ ಏನು?

ಕೂಗಾಡುತ್ತಿದ್ದ ಅನೇಕರು ಶಸ್ತ್ರಚಿಕಿತ್ಸೆಯ ನಂತರ ಸುಮ್ಮನಾದದ್ದು ನಿಜ. ಕೆಲವರು ಮನೆಗೆ ಮರಳಿದರು. ಆದರೆ ಮನೆಯವರು ಕಂಡದ್ದೇನು? ಕೂರಿಸಿದಲ್ಲಿ ಕೂರುವ, ಬಡಿಸಿದರೆ ಉಣ್ಣುವ, ಕರೆಯದಿದ್ದರೆ ಏಳದ ವ್ಯಕ್ತಿ. ಮದುವೆಯಾದರೂ ನಗುವಿಲ್ಲ, ಸಾವಾದರೂ ಅಳುವಿಲ್ಲ. ಹಲವರಿಗೆ ಅಪಸ್ಮಾರ ಅಂಟಿಕೊಂಡಿತು. ಕೆಲವರಿಗೆ ಮಲಮೂತ್ರದ ಹಿಡಿತ ತಪ್ಪಿತು. ನಾಚಿಕೆ, ವಿವೇಚನೆ ಕಳೆದುಹೋಯಿತು. ರಕ್ತಸ್ರಾವದಿಂದ ಸತ್ತವರೂ ಉಂಟು. ಶಸ್ತ್ರಚಿಕಿತ್ಸೆಯಿಂದ ರೋಗಿಯು ಮತ್ತೆ ಬಾಲ್ಯಕ್ಕೆ ಮರಳುತ್ತಾನೆಂದು ಸ್ವತಃ ಫ್ರೀಮನ್ ವರ್ಣಿಸಿದ್ದರು. ಆ ದೊಡ್ಡ ಮಗುವನ್ನು ಸಾಕುವ ಹೊರೆ ಬಿದ್ದದ್ದು ತಾಯಿ, ಹೆಂಡತಿ, ಅಕ್ಕತಂಗಿಯರ ಮೇಲೆ.

ನಿಮಗೆ ತಿಳಿಯುವಂತೆ ಹೇಳುವುದಾದರೆ, ಮಗ್ಗ ಗದ್ದಲ ಮಾಡುತ್ತದೆಂದು ಹಾಸಿನ ಎಳೆಗಳನ್ನೇ ಕತ್ತರಿಸಿದಂತೆ ಇದು. ಸದ್ದು ನಿಲ್ಲುತ್ತದೆ, ಸೀರೆಯೂ ನಿಲ್ಲುತ್ತದೆ. ಮೆದುಳಿನ ಎಳೆಗಳನ್ನಂತೂ ಮತ್ತೆ ಗಂಟು ಹಾಕಿ ಜೋಡಿಸಲು ಬರುವುದಿಲ್ಲ.

ಹಣ, ಅಧಿಕಾರ ಇದ್ದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ತಂಗಿ ರೋಸ್‌ಮೇರಿ ಕಲಿಕೆಯಲ್ಲಿ ನಿಧಾನ. ಹರೆಯಕ್ಕೆ ಬಂದ ಮೇಲೆ ಸಿಟ್ಟು, ಹಟ ಹೆಚ್ಚಾಯಿತು. 1941ರಲ್ಲಿ, ಆಕೆಗೆ 23 ವರ್ಷವಾಗಿದ್ದಾಗ, ತಂದೆ ತಾನೇ ನಿರ್ಧರಿಸಿ ಫ್ರೀಮನ್ ಮತ್ತು ವಾಟ್ಸ್ ಅವರಿಂದ ಲೋಬಾಟಮಿ ಮಾಡಿಸಿದರು. ನಡೆದಾಡುತ್ತ, ಕುಣಿಯುತ್ತ, ದಿನಚರಿ ಬರೆಯುತ್ತಿದ್ದ ಹುಡುಗಿ ನಡಿಗೆ, ಮಾತು ಎರಡನ್ನೂ ಕಳೆದುಕೊಂಡಳು. 2005ರಲ್ಲಿ ತೀರಿಕೊಳ್ಳುವವರೆಗೂ ಬದುಕಿನ ಬಹುಭಾಗವನ್ನು ಆಶ್ರಯಧಾಮದಲ್ಲೇ ಕಳೆದಳು. ಅವಳಿಗೇನಾಯಿತು ಎಂಬುದು ಒಡಹುಟ್ಟಿದವರಿಗೂ ಬಹುಕಾಲ ತಿಳಿಯಲಿಲ್ಲ.

ಹೊವರ್ಡ್ ಡಲ್ಲಿ ಎಂಬ ಹುಡುಗನಿಗೆ ಆಗ ಹನ್ನೆರಡೇ ವರ್ಷ. ಹೇಳಿದ ಮಾತು ಕೇಳುವುದಿಲ್ಲ, ಹಗಲುಗನಸು ಕಾಣುತ್ತಾನೆ ಎಂಬುದು ಮಲತಾಯಿಯ ದೂರು. ತಂದೆ ಒಪ್ಪಿಗೆ ಕೊಟ್ಟರು. 1960ರಲ್ಲಿ ಫ್ರೀಮನ್ ಅವನಿಗೂ ಲೋಬಾಟಮಿ ಮಾಡಿದರು. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆತ ವೃದ್ಧ ತಂದೆಯ ಎದುರು ಕುಳಿತು, ಅಂದು ಏಕೆ ಹೀಗಾಯಿತು ಎಂದು ಕೇಳಿದ. ಆ ಮಾತುಕತೆ 2005ರಲ್ಲಿ ಅಮೆರಿಕದ ರೇಡಿಯೊದಲ್ಲಿ ಪ್ರಸಾರವಾಯಿತು.

ಈ ಇಬ್ಬರಲ್ಲೂ ಒಂದು ಅಂಶ ಸಮಾನ. "ನಿನಗೆ ಇದು ಬೇಕೇ?" ಎಂದು ಅವರನ್ನು ಯಾರೂ ಸರಿಯಾಗಿ ಕೇಳಲಿಲ್ಲ.

ನಿಂತದ್ದು ಹೇಗೆ?

ಸೋವಿಯತ್ ಒಕ್ಕೂಟ 1950ರಲ್ಲೇ ಲೋಬಾಟಮಿಯನ್ನು ನಿಷೇಧಿಸಿತು. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೋಮಝಿನ್ ಎಂಬ ಔಷಧ ಮಾನಸಿಕ ರೋಗಿಗಳಿಗೆ ಉಪಯುಕ್ತವೆಂದು ತೋರಿಸಿದರು. ಚಾಕುವಿಲ್ಲದೆ ಭ್ರಮೆ, ಉದ್ರೇಕ ತಗ್ಗಿಸಬಹುದೆಂದು ಗೊತ್ತಾದ ಮೇಲೆ ಲೋಬಾಟಮಿ ವೇಗವಾಗಿ ಹಿಂದೆ ಸರಿಯಿತು. 1967ರಲ್ಲಿ ಫ್ರೀಮನ್ ಅವರ ಕೊನೆಯ ರೋಗಿ ಮೆದುಳಿನ ರಕ್ತಸ್ರಾವದಿಂದ ಸತ್ತಳು.

ಇಂದು ಅಜ್ಜಿ ಹೆದರಬೇಕೆ?

ಬೇಡ. ಭಾರತದಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017ರ ಪ್ರಕಾರ, ಮನೋರೋಗಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಎರಡು ಷರತ್ತುಗಳಿವೆ. ಒಂದು, ಎಲ್ಲವನ್ನೂ ತಿಳಿದುಕೊಂಡ ರೋಗಿಯೇ ಒಪ್ಪಬೇಕು. ಎರಡು, ಕಾಯ್ದೆಯಡಿಯ ಮಂಡಳಿ ಅನುಮತಿ ಕೊಡಬೇಕು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ 'ಕರೆಂಟ್' ಚಿಕಿತ್ಸೆ ಕೊಡುವುದನ್ನೂ ಈ ಕಾಯ್ದೆ ನಿಷೇಧಿಸಿದೆ. ಸರಿಯಾಗಿ ಕೊಟ್ಟ ವಿದ್ಯುತ್ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಜೀವ ಉಳಿಸಬಲ್ಲದು. ಅದಕ್ಕೂ ಲೋಬಾಟಮಿಗೂ ಸಂಬಂಧವಿಲ್ಲ. ಹಾಗೆಯೇ ಮೆದುಳಿನ ಗಡ್ಡೆ, ಹೆಪ್ಪುಗಟ್ಟಿದ ರಕ್ತಕ್ಕೆ ಮಾಡುವ ಆಪರೇಷನ್ ಬೇರೆಯೇ ವಿಷಯ. ಅದನ್ನು ಹೆದರಿ ಮುಂದೂಡಬೇಡಿ.

ತಂದೆಗೊಂದು ಮಾತು

ಲೋಬಾಟಮಿ ಹೋಯಿತು, ಆದರೆ "ಹೇಗಾದರೂ ಸುಮ್ಮನಿರಿಸಿ" ಎಂಬ ಮನಸ್ಸು ಹೋಗಿಲ್ಲ. ಕಾಲಿಗೆ ಸರಪಳಿ ಹಾಕುವುದು, ಕೊಟ್ಟಿಗೆಯಲ್ಲಿ ಕೂಡಿಹಾಕುವುದು, ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಿಸಿ ಮಲಗಿಸುವುದು ಅದೇ ಮನಸ್ಸಿನ ಬೇರೆ ರೂಪಗಳು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಈಗ ಕಾಯ್ದೆ ನಿಷೇಧಿಸಿದೆ.

ನಿಮ್ಮ ಮನೆಯಲ್ಲಿ ಇಂಥ ತೊಂದರೆ ಇದ್ದರೆ ಹೀಗೆ ಮಾಡಿ:

1. ತಡ ಮಾಡಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಅಲ್ಲಿ ವಿಚಾರಿಸಿ. ಅಗತ್ಯವಿದ್ದರೆ ಬಾಗಲಕೋಟೆ ಅಥವಾ ಧಾರವಾಡಕ್ಕೆ ಹೋಗಿ.

2. ವೈದ್ಯರನ್ನು ಕೇಳಲು ಸಂಕೋಚಬೇಡ. ಕಾಯಿಲೆ ಯಾವುದು? ಈ ಔಷಧ ಏಕೆ? ಎಷ್ಟು ದಿನ? ಅಡ್ಡ ಪರಿಣಾಮವೇನು? ಬೇರೆ ದಾರಿ ಇದೆಯೇ? ಈ ಮಾತುಕತೆಯಲ್ಲಿ ರೋಗಿಯೂ ಕುಳಿತಿರಲಿ, ಅವರಿಗೂ ಮಾತಾಡಲು ಬಿಡಿ.

3. ಕೈಕಾಲು ಬಿಗಿತ, ನಡುಕ, ಅತಿಯಾದ ಮಂಪರು, ತೂಕ ಏರಿಕೆ ಕಂಡರೆ ವೈದ್ಯರಿಗೆ ತಿಳಿಸಿ. ಔಷಧ, ಪ್ರಮಾಣ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ.

4. ಅನ್ನ ನೀರು ಬಿಟ್ಟರೆ, ಸಾಯುವ ಮಾತಾಡಿದರೆ, ಹೊಡೆಯಲು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

5. ಯಾರೊಡನೆ ಮಾತಾಡಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸೇವೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗುಣವಾಗುತ್ತಿದೆ ಎಂದು ತಿಳಿಯುವುದು ಹೇಗೆ? ಮಗ ಎಷ್ಟು ಸುಮ್ಮನಿದ್ದಾನೆ ಎಂದು ನೋಡಬೇಡಿ. ರಾತ್ರಿ ತಾನಾಗಿ ಮಲಗಿದನೇ? ತಾಯಿ ಬಡಿಸಿದ್ದನ್ನು ನಂಬಿ ಉಂಡನೇ? ಗೆಳೆಯ ಬಂದಾಗ ನಾಲ್ಕು ಮಾತಾಡಿದನೇ? ಒಂದು ತಾಸಾದರೂ ಮಗ್ಗದ ಮುಂದೆ ಕುಳಿತನೇ? ಅಣ್ಣನೊಡನೆ ಸಣ್ಣದೊಂದು ಜಗಳವಾಡಿದರೂ ಗಾಬರಿ ಬೇಡ, ಅದೂ ಮನೆಮಂದಿಯಲ್ಲಿ ಇರುವುದೇ. ಮುಂದಿನ ಸಲ ವೈದ್ಯರ ಬಳಿ ಹೋದಾಗ "ಸುಮ್ಮನ ಕೂಡೂಹಂಗ ಮಾಡ್ರಿ" ಎನ್ನುವ ಬದಲು, "ಮೊದಲಿನಂಗ ಆಗಾಕ ಏನ ಮಾಡಬೇಕ್ರಿ?" ಎಂದು ಕೇಳಿ.