ಲಾಳಿಯ ನೂಲು ಮುಗಿದಾಗ

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶ
ಓದಬೇಕಾದ ಭಾಗಗಳು: ಯೋಬ 7:1–11, ಯೆಶಾಯ 38:9–20, 2 ಕೊರಿಂಥ 4:16–5:5

ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ನೆಲಮಂಗಲದ ಗೋಡೌನ್‌ನಲ್ಲಿ ಕೆಲಸ ಮಾಡುವವರಿದ್ದೀರಿ. ವಾರವಿಡೀ ಬೆಂಗಳೂರಿಗೆ ಓಡಾಡಿ, ಇದೊಂದು ದಿನ ಊರಲ್ಲಿ ಸಿಗುವವರೂ ಇದ್ದೀರಿ. ಎಲ್ಲರನ್ನೂ ಕರ್ತನು ಆಶೀರ್ವದಿಸಲಿ.

ಇವತ್ತು ಕಷ್ಟದ ಬಗ್ಗೆ ಧ್ಯಾನ ಮಾಡೋಣ. ಇದು ನಮ್ಮ ಊರಿನ ವಿಷಯ. ದೊಡ್ಡಬಳ್ಳಾಪುರ ಅಂದರೆ ಮಗ್ಗದ ಊರು. ಇಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಪವರ್‌ಲೂಮ್ ಸದ್ದೇ ಜೋಗುಳ. ಆ ಸದ್ದಿಲ್ಲದಿದ್ದರೆ ಕೆಲವರಿಗೆ ನಿದ್ದೆ ಬರೋದಿಲ್ಲ. ಅಂಥ ಊರಿನಲ್ಲಿ 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯಿತು, ಮಗ್ಗಗಳು ನಿಂತವು. ಮದುವೆಗಳೇ ನಿಂತ ಮೇಲೆ ರೇಷ್ಮೆ ಸೀರೆ ಕೊಳ್ಳುವವರು ಯಾರು? ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿತು. ಕೈಮಗ್ಗದ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಅಂತ ಅದರಲ್ಲಿತ್ತು. ಆದರೆ ಸಾಲ ತೀರಿಸೋಕೆ ಮಗ್ಗವನ್ನೇ ಮಾರಿಕೊಂಡ ಮನೆಗಳ ಮಕ್ಕಳು ಇವತ್ತು ನಮ್ಮ ಮಧ್ಯೆ ಕೂತಿದ್ದಾರೆ. ಅವರ ಪಾಲಿಗೆ 2020 ಇನ್ನೂ ಮುಗಿದಿಲ್ಲ. ಇಎಂಐ ರೂಪದಲ್ಲಿ ಪ್ರತಿ ತಿಂಗಳೂ ಮನೆಗೆ ಬರುತ್ತಿದೆ.

ಮಗ್ಗದ ಊರಿನಲ್ಲಿ ಕಷ್ಟದ ಬಗ್ಗೆ ಪ್ರಸಂಗ ಮಾಡುವವರು ಒಂದು ದೃಷ್ಟಾಂತ ತಪ್ಪದೆ ಹೇಳುತ್ತಾರೆ. ದೇವರು ನೇಕಾರ, ನಮಗೆ ಕಾಣೋದು ಬಟ್ಟೆಯ ಹಿಂಬದಿ, ಅಲ್ಲಿ ಬರೀ ಗಂಟು, ಮೇಲ್ಬದಿಯಲ್ಲಿ ಚಂದದ ಡಿಸೈನ್ ಇದೆ ಅಂತ. ಆ ಮಾತು ಸುಳ್ಳಲ್ಲ. ಆದರೆ ಮಗ್ಗ ಮಾರಿದವರ ಮನೆಗೆ ಹೋಗಿ ಅದನ್ನು ಹೇಳಿ ನೋಡಿ, ನಾಲಿಗೆ ಹೊರಳೋದಿಲ್ಲ. ಹಾಗಾದರೆ ಸತ್ಯವೇದದಲ್ಲಿ ಕಷ್ಟಪಡುವವರು ಮಗ್ಗದ ಬಗ್ಗೆ ಏನು ಹೇಳಿದ್ದಾರೆ ಅಂತ ನಾನು ಹುಡುಕಿದೆ. ಇಬ್ಬರು ಸಿಕ್ಕಿದರು. ಇಬ್ಬರೂ ಡಿಸೈನ್ ಹೊಗಳಲಿಲ್ಲ, ಅತ್ತರು. ಅವರ ಅಳುವನ್ನು ದೇವರು ತನ್ನ ವಾಕ್ಯದೊಳಗೇ ಇಟ್ಟಿದ್ದಾನೆ. ಮೂರನೆಯವನೊಬ್ಬನಿದ್ದಾನೆ, ಅವನಿಗೂ ಕೈಕಸುಬು ಗೊತ್ತಿತ್ತು. ಈ ಮೂವರ ಹತ್ತಿರ ಇವತ್ತು ಕಲಿಯೋಣ.

1. ಯೋಬ: ನೂಲು ಮುಗಿಯಿತು ಅಂದವನು

ಯೋಬ 7ನೇ ಅಧ್ಯಾಯ, 6ನೇ ವಚನ ತೆರೆಯಿರಿ. ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳಕೊಂಡ ಯೋಬನು ಅಲ್ಲಿ ತನ್ನ ದಿನಗಳನ್ನು ಲಾಳಿಗೆ ಹೋಲಿಸುತ್ತಾನೆ. ಲಾಳಿಗಿಂತ ಬೇಗ ಓಡಿ, ನಿರೀಕ್ಷೆಯೇ ಇಲ್ಲದೆ ಮುಗಿದುಹೋಗುತ್ತಿವೆ ಅನ್ನುತ್ತಾನೆ.

ಮಗ್ಗದ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಲಾಳಿಯೊಳಗೆ ಕಂಡಿಕೆ ಇರುತ್ತದೆ, ಕಂಡಿಕೆಗೆ ನೂಲು ಸುತ್ತಿರುತ್ತದೆ. ಲಾಳಿ ಆ ಕಡೆ ಈ ಕಡೆ ಓಡಿದಂತೆ ನೂಲು ಖಾಲಿಯಾಗುತ್ತದೆ. ನೂಲು ಮುಗಿದ ಮೇಲೂ ಲಾಳಿ ಓಡಿದರೆ ಸದ್ದು ಬರುತ್ತದೆ, ಬಟ್ಟೆ ಬರೋದಿಲ್ಲ. ನಿಮ್ಮಲ್ಲಿ ಕೆಲವರ ಬದುಕು ಈಗ ಹಾಗಿದೆ. ಬೆಳಿಗ್ಗೆ ಬಸ್ಸು, ರಾತ್ರಿ ಬಸ್ಸು. ಓಟ ನಿಂತಿಲ್ಲ, ಒಳಗೆ ಮಾತ್ರ ಖಾಲಿ.

ಇಲ್ಲೊಂದು ವಿಷಯ ಗಮನಿಸಿ. ಈ ವಚನದಲ್ಲಿ ನಿರೀಕ್ಷೆ ಅನ್ನೋದಕ್ಕೆ ಇಬ್ರಿಯ ಭಾಷೆಯಲ್ಲಿರುವ ಪದ ‘ತಿಕ್ವಾ’. ಅದೇ ಪದಕ್ಕೆ ದಾರ ಎಂಬ ಅರ್ಥವೂ ಇದೆ. ಅಂದರೆ ಯೋಬನು ಒಂದೇ ಮಾತಿನಲ್ಲಿ ಎರಡನ್ನೂ ಹೇಳುತ್ತಿದ್ದಾನೆ: ನನ್ನ ಲಾಳಿಯಲ್ಲಿ ನೂಲು ಮುಗಿಯಿತು, ನನ್ನ ನಿರೀಕ್ಷೆ ಮುಗಿಯಿತು.

ಈ ‘ತಿಕ್ವಾ’ ದಾರವಾಗಿ ಇನ್ನೊಂದು ಕಡೆ ಬರುತ್ತದೆ. ಯೆಹೋಶುವ 2:18. ಯೆರಿಕೋ ಪಟ್ಟಣದಲ್ಲಿ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರ ಇದೇ ‘ತಿಕ್ವಾ’. ಗೋಡೆ ಬಿದ್ದ ದಿನ ಆ ದಾರವಿದ್ದ ಮನೆ ಉಳಿಯಿತು. ಮತ್ತಾಯ 1:5 ಓದಿ, ರಾಹಾಬಳ ಹೆಸರು ಯೇಸುವಿನ ವಂಶಾವಳಿಯಲ್ಲಿದೆ. ಯೋಬನ ಕೈಯಲ್ಲಿ ದಾರ ಮುಗಿದಿತ್ತು, ದೇವರ ಕೈಯಲ್ಲಿ ಮುಗಿದಿರಲಿಲ್ಲ. ಆಮೆನ್?

ಆದರೆ ಯೋಬನಿಗೆ ಆ ದಿನ ಅದು ಕಾಣಲಿಲ್ಲ. ಅವನು 11ನೇ ವಚನದಲ್ಲಿ ಬಾಯಿ ಮುಚ್ಚೋದಿಲ್ಲ, ನನ್ನ ಸಂಕಟವನ್ನು ಹೇಳೇ ಹೇಳುತ್ತೇನೆ ಅನ್ನುತ್ತಾನೆ. ಯಾರ ಹತ್ತಿರ? ದೇವರ ಹತ್ತಿರವೇ. ಅವನ ಸ್ನೇಹಿತರು ಮೊದಲು ಒಳ್ಳೆಯ ಕೆಲಸ ಮಾಡಿದರು. ಏಳು ದಿನ, ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು. ಬಾಯಿ ತೆರೆದಾಗಲೇ ಕೆಟ್ಟದ್ದು. ನಿನ್ನಲ್ಲಿ ಏನೋ ಪಾಪ ಇರಬೇಕು ಅಂದರು. ಕೊನೆಗೆ 42:7ರಲ್ಲಿ ದೇವರು ಯಾರ ಪರವಾಗಿ ನಿಂತನು? ಅತ್ತು ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ್ದಾನೆ ಅಂದನು. ದೇವರ ಪರವಾಗಿ ವಾದಿಸಿದವರ ಮೇಲೆ ಕೋಪಗೊಂಡನು.

ಪ್ರಿಯರೇ, ನಾವು ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಜನ, ಸ್ವಸ್ಥತೆಯನ್ನು ನಂಬುವ ಜನ. ಅದಕ್ಕೇ ನಾವು ಎಚ್ಚರವಾಗಿರಬೇಕು. ಕಷ್ಟದಲ್ಲಿರುವವರಿಗೆ “ನಿಮ್ಮ ನಂಬಿಕೆ ಸಾಲದು” ಅಂತ ಹೇಳಬೇಡಿ. ಅದು ಯೋಬನ ಸ್ನೇಹಿತರ ಪ್ರಸಂಗ.

2. ಹಿಜ್ಕೀಯ: ನನಗೆ ಜಾಮೀನು ನಿಲ್ಲು ಅಂದವನು

ಯೆಶಾಯ 38. ಹಿಜ್ಕೀಯ ಅರಸನು, ದೇವಭಕ್ತನು. ಇಪ್ಪತ್ತೈದನೇ ವಯಸ್ಸಿಗೆ ಪಟ್ಟಕ್ಕೆ ಬಂದು 29 ವರ್ಷ ಆಳಿದನು. ಈ ರೋಗದ ನಂತರ ಅವನಿಗೆ ಸಿಕ್ಕಿದ್ದು 15 ವರ್ಷ. ಲೆಕ್ಕ ಹಾಕಿ, ಮರಣದ ಮಾತು ಕೇಳಿದಾಗ ಅವನಿಗೆ ಸುಮಾರು 39. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಬಹಳವಾಗಿ ಅತ್ತನು.

12ನೇ ವಚನದಲ್ಲಿ ಅವನು ಎರಡು ಹೋಲಿಕೆ ಕೊಡುತ್ತಾನೆ. ಕುರುಬನ ಗುಡಾರ ಕಿತ್ತ ಹಾಗೆ ನನ್ನ ಮನೆಯನ್ನು ಕಿತ್ತುಬಿಟ್ಟರು. ನೇಕಾರ ಬಟ್ಟೆ ಸುತ್ತಿದ ಹಾಗೆ ನನ್ನ ಜೀವ ಸುತ್ತಿ ಆಯಿತು, ಮಗ್ಗದಿಂದ ನನ್ನನ್ನು ಕತ್ತರಿಸುತ್ತಿದ್ದಾನೆ. ಸೀರೆ ಪೂರ್ತಿಯಾದ ಮೇಲೆ ಕತ್ತರಿಸೋದು ಸಂತೋಷ. ಅರ್ಧ ಸೀರೆಗೇ ಕತ್ತರಿ ಬಿದ್ದರೆ? ಹಿಜ್ಕೀಯನ ದುಃಖ ಅದು. ನಮ್ಮ ಮಧ್ಯೆ ಚಿಕ್ಕ ವಯಸ್ಸಿನಲ್ಲೇ ಹೆತ್ತವರನ್ನು ಕಳಕೊಂಡವರಿಗೆ ಆ ಕತ್ತರಿ ಗೊತ್ತು.

ಈಗ 14ನೇ ವಚನ. ಹಕ್ಕಿಯ ಹಾಗೆ ಕೀಚುಗುಟ್ಟಿ, ಪಾರಿವಾಳದ ಹಾಗೆ ನರಳಿ, ಅವನು ಒಂದು ಪ್ರಾರ್ಥನೆ ಮಾಡುತ್ತಾನೆ. ಏನದು? ಕರ್ತನೇ, ನನಗೆ ಹೊಣೆಯಾಗು. ನಮ್ಮ ಮಾತಿನಲ್ಲಿ ಹೇಳೋದಾದರೆ, ನನಗೆ ಜಾಮೀನು ನಿಲ್ಲು. ಸಾಲ ಕೇಳೋಕೆ ಹೋದವರಿಗೆ ಗೊತ್ತು. ಎಲ್ಲ ಪೇಪರ್ ಇದ್ದರೂ ಕೊನೆಗೆ ಕೇಳೋದು, “ಶ್ಯೂರಿಟಿಗೆ ಯಾರು ಸೈನ್ ಹಾಕ್ತಾರೆ?” ಆ ಹೊತ್ತಿಗೆ ನೆಂಟರ ಫೋನೆಲ್ಲ ಸ್ವಿಚ್ ಆಫ್. ಹಿಜ್ಕೀಯನು ಅರಸನಾಗಿದ್ದರೂ ಮರಣದ ಮುಂದೆ ಅವನಿಗೆ ಸೈನ್ ಹಾಕೋಕೆ ಯಾರೂ ಇರಲಿಲ್ಲ. ಆಗ ಅವನು ದೇವರನ್ನೇ ಕೇಳಿದನು.

ಹಿಜ್ಕೀಯನಿಗೆ 15 ವರ್ಷ ಸಿಕ್ಕಿತು, ಸ್ತೋತ್ರ. ಆದರೆ ಎಲ್ಲರಿಗೂ ಸಿಗೋದಿಲ್ಲ. ನಮ್ಮ ಸಭೆಯ ಒಬ್ಬ ತಂಗಿ ನನ್ನನ್ನು ಕೇಳಿದಳು: “ಪಾಸ್ಟರ್, ಅಪ್ಪನಿಗೋಸ್ಕರ ಮನೆಯವರೆಲ್ಲ ಉಪವಾಸ ಇದ್ವಿ. ಅಪ್ಪ ಹೋಗಿಬಿಟ್ರು. ಈಗ ನಾನು ಏನಂತ ಪ್ರಾರ್ಥನೆ ಮಾಡ್ಲಿ?” ಯಾಕೆ ಹೀಗಾಯಿತು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಆ ತಂಗಿಗೂ ಹಾಗೇ ಹೇಳಿದೆ. ಆದರೆ ಏನಂತ ಪ್ರಾರ್ಥಿಸಬೇಕು ಅನ್ನೋದಕ್ಕೆ ಇದೆ: “ಕರ್ತನೇ, ನನಗೆ ಹೊಣೆಯಾಗು.” ಆ ಪ್ರಾರ್ಥನೆಗೆ ದೇವರು ಕೊಟ್ಟ ಪೂರ್ತಿ ಉತ್ತರ 15 ವರ್ಷಕ್ಕಿಂತ ದೊಡ್ಡದು. ಅದು ಶಿಲುಬೆಯಲ್ಲಿದೆ. ಅಲ್ಲಿ ದೇವರ ಮಗನೇ ಯಾಕೆ ನನ್ನ ಕೈಬಿಟ್ಟೆ ಅಂತ ಕೂಗಿದನು. ಯೋಹಾನ 19:23 ನೋಡಿ, ಹೊಲಿಗೆಯಿಲ್ಲದೆ ಮೇಲಿನಿಂದ ಕೆಳಗಿನವರೆಗೂ ನೆಯ್ದ ಅವನ ಅಂಗಿಯನ್ನು ಸಿಪಾಯಿಗಳು ಚೀಟಿ ಹಾಕಿ ತೆಗೆದುಕೊಂಡರು. ನಮಗೆ ಜಾಮೀನು ನಿಂತವನು ಮೈಮೇಲಿನ ಬಟ್ಟೆಯವರೆಗೂ ಕಳಕೊಂಡನು. ಆದ್ದರಿಂದ ಕಳಕೊಂಡವರು ಅವನ ಹತ್ತಿರ ಬಂದಾಗ ಏನನ್ನೂ ವಿವರಿಸಿ ಹೇಳಬೇಕಾಗಿಲ್ಲ.

3. ಪೌಲ: ಸಂಚಕಾರ ಸಿಕ್ಕಿದೆ ಅಂದವನು

ಮೂರನೆಯವನು ಪೌಲ. ಅಪೊಸ್ತಲರ ಕೃತ್ಯಗಳು 18:3ರ ಪ್ರಕಾರ ಗುಡಾರ ಮಾಡುವುದು ಅವನ ಕಸುಬು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅವರ ಜೊತೆ ಕೂತು ಕೆಲಸ ಮಾಡಿದನು. ಅದೇ ಕೊರಿಂಥದ ಸಭೆಗೆ ಬರೆಯುವಾಗ ಅವನು, ಈಗಿನ ನಮ್ಮ ಸಂಕಟ ಹಗುರ, ಕ್ಷಣದ್ದು, ಮುಂದೆ ಬರುವ ಮಹಿಮೆಗೆ ತೂಕ ಜಾಸ್ತಿ, ಅದು ಶಾಶ್ವತ ಅನ್ನುತ್ತಾನೆ (2 ಕೊರಿಂಥ 4:17).

ಕಷ್ಟ ನೋಡದವರು ಈ ಮಾತು ಹೇಳಿದರೆ ಕೋಪ ಬರುತ್ತದೆ. ಪೌಲನು ಯಾರು? ಇದೇ ಪತ್ರಿಕೆಯ 11ನೇ ಅಧ್ಯಾಯ ಓದಿ. ಐದು ಸಾರಿ 39 ಏಟು, ಮೂರು ಸಾರಿ ಬೆತ್ತದ ಹೊಡೆತ, ಒಂದು ಸಾರಿ ಕಲ್ಲೆಸೆತ, ಮೂರು ಸಾರಿ ಹಡಗು ಒಡೆದದ್ದು. ಅವನಿಗೆ ಕಷ್ಟದ ತೂಕ ಗೊತ್ತು. ಕಷ್ಟ ಒಂದನ್ನೇ ತಕ್ಕಡಿಗೆ ಹಾಕಿದಾಗ ಅದು ಭಾರವೇ. ಪೌಲನು ತಕ್ಕಡಿಯ ಇನ್ನೊಂದು ತಟ್ಟೆಗೆ ಕ್ರಿಸ್ತನ ಮಹಿಮೆಯನ್ನು ಹಾಕಿ ನೋಡಿದನು. ಕಷ್ಟದ ತೂಕ ಕಡಿಮೆಯಾಗಲಿಲ್ಲ, ಆ ತಟ್ಟೆಗಿಂತ ಈ ತಟ್ಟೆ ಕೆಳಗೆ ಬಂತು.

ಮುಂದೆ 5:1. ಹಿಜ್ಕೀಯನು ಗುಡಾರ ಕಿತ್ತುಹೋಯಿತು ಅಂತ ಅತ್ತ ಕಡೆಯೇ ಪೌಲನು ಮಾತು ಮುಂದುವರಿಸುತ್ತಾನೆ: ಈ ಗುಡಾರ ಕಳಚಿದರೂ ದೇವರಿಂದಾದ ಮನೆ ಇದೆ. ಗುಡಾರ ಮಾಡುವವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಯಾವ ಗುಡಾರವೂ ಶಾಶ್ವತ ಅಲ್ಲ ಅಂತ? ಹಾಗಂತ ಅವನು ನರಳಲಿಲ್ಲವೇ? ನರಳಿದನು, 5:4ರಲ್ಲಿ ಅವನೇ ಹೇಳುತ್ತಾನೆ. ಆಮೇಲೆ 5ನೇ ವಚನ: ದೇವರು ನಮಗೆ ಪವಿತ್ರಾತ್ಮನನ್ನು ಸಂಚಕಾರವಾಗಿ ಕೊಟ್ಟಿದ್ದಾನೆ.

ಸಂಚಕಾರ ಅಂದರೆ ಅಡ್ವಾನ್ಸ್. ನಮ್ಮ ಕಡೆ ಎರಡು ಥರ ಅಡ್ವಾನ್ಸ್ ಇದೆ. ಮಗ್ಗದ ಕೆಲಸಗಾರ ಮಾಲೀಕನ ಹತ್ತಿರ ತೆಗೆದುಕೊಳ್ಳುವ ಅಡ್ವಾನ್ಸ್ ಒಂದು. ಅದರಲ್ಲಿ ತೆಗೆದುಕೊಂಡವನು ಕಟ್ಟಿಬೀಳುತ್ತಾನೆ, ತೀರಿಸೋವರೆಗೂ ಬೇರೆ ಕಡೆ ಹೋಗೋ ಹಾಗಿಲ್ಲ. ಇನ್ನೊಂದು, ಸೈಟ್ ಕೊಳ್ಳುವವನು ಕೊಡುವ ಅಡ್ವಾನ್ಸ್. ಅದರಲ್ಲಿ ಕೊಟ್ಟವನೇ ಕಟ್ಟಿಬೀಳುತ್ತಾನೆ, ಬಾಕಿ ಕೊಟ್ಟು ನನ್ನದಾಗಿ ಮಾಡಿಕೊಳ್ಳುತ್ತೇನೆ ಅನ್ನೋದು ಅವನ ಮಾತು. ಪವಿತ್ರಾತ್ಮನು ಈ ಎರಡನೆಯ ಥರದ ಸಂಚಕಾರ. ದೇವರು ನಮ್ಮನ್ನು ಸಾಲಗಾರರನ್ನಾಗಿ ಮಾಡಲಿಲ್ಲ, ತಾನೇ ಮಾತಿಗೆ ಕಟ್ಟಿಬಿದ್ದನು.

ಪೌಲನು ಬಳಸಿದ ಗ್ರೀಕ್ ಪದ ‘ಅರ್ರಬೋನ್’. ಅದು ಇಬ್ರಿಯರ ಕಡೆಯಿಂದ ಬಂದ ವ್ಯಾಪಾರದ ಪದ. ಹಿಜ್ಕೀಯನು ನನಗೆ ಹೊಣೆಯಾಗು ಅಂತ ಕೂಗಿದನಲ್ಲ, ಆ ಪದಕ್ಕೂ ಇದಕ್ಕೂ ಬೇರು ಒಂದೇ. ಹಲ್ಲೆಲೂಯಾ! ಗೋಡೆಗೆ ಮುಖ ಮಾಡಿ ಅರಸನು ಕೇಳಿದ್ದನ್ನು ದೇವರು ನಮ್ಮ ಎದೆಯೊಳಗೆ ಕೊಟ್ಟಿದ್ದಾನೆ. ನಮ್ಮ ಸತ್ಯವೇದದಲ್ಲಿ ಪವಿತ್ರಾತ್ಮನಿಗೆ ಸಹಾಯಕನು ಎಂಬ ಹೆಸರಿದೆ. ರೋಮಾ 8:26ರ ಪ್ರಕಾರ ಮಾತೇ ಬಾರದ ನರಳಾಟದಲ್ಲಿ ಆತನು ನಮಗೋಸ್ಕರ ಬೇಡಿಕೊಳ್ಳುತ್ತಾನೆ. ಆದ್ದರಿಂದ ಪ್ರಾರ್ಥನೆ ಬರದ ರಾತ್ರಿ, ಬರೀ ನಿಟ್ಟುಸಿರು ಬಂದ ರಾತ್ರಿ, ನಾನು ಬಿದ್ದುಹೋದೆ ಅಂದುಕೊಳ್ಳಬೇಡಿ. ಆ ನಿಟ್ಟುಸಿರನ್ನೇ ಆತನು ಪ್ರಾರ್ಥನೆ ಮಾಡುತ್ತಿದ್ದಾನೆ.

ಈ ವಾರ ಏನು ಮಾಡೋಣ?

ಒಂದು, ನಿಮ್ಮ ಸಂಕಟವನ್ನು ದೇವರ ಮುಂದೆ ಹೆಸರಿಟ್ಟು ಹೇಳಿ. “ಎಲ್ಲ ಚೆನ್ನಾಗಿದೆ ಕರ್ತನೇ” ಅಂತ ನಟಿಸಬೇಡಿ. ಸಾಲವಾದರೆ ಸಾಲ ಅನ್ನಿ, ಭಯವಾದರೆ ಭಯ ಅನ್ನಿ.

ಎರಡು, ಒಬ್ಬರ ಮನೆಗೆ ಹೋಗಿ. ವಾಟ್ಸಾಪ್‌ನಲ್ಲಿ ವಚನ ಕಳಿಸಿ ಸುಮ್ಮನಾಗಬೇಡಿ. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದ್ದನ್ನು ಮಾಡಿ, ಎಂಟನೇ ದಿನ ಮಾಡಿದ್ದನ್ನು ಬಿಡಿ. 2 ಕೊರಿಂಥ 1:4ರ ಪ್ರಕಾರ ನಮಗೆ ಸಿಕ್ಕ ಆದರಣೆ ನಮ್ಮಲ್ಲೇ ನಿಲ್ಲೋಕೆ ಕೊಟ್ಟದ್ದಲ್ಲ.

ಮೂರು, ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಒಬ್ಬರೇ ಇರಬೇಡಿ. ನನಗೆ ಹೇಳಿ, ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಹೋಗೋದು ಅಪನಂಬಿಕೆ ಅಲ್ಲ. ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣನ್ನು ಅರೆದು ಕಟ್ಟಿ ಅಂತ ಹೇಳಿದವನು ಪ್ರವಾದಿ ಯೆಶಾಯನೇ (ಯೆಶಾಯ 38:21).

ಸೆಲ್ ಗ್ರೂಪ್‌ನಲ್ಲಿ ಚರ್ಚಿಸಲು

ಯೋಬ 42:7ರಲ್ಲಿ ದೇವರು ಯೋಬನ ಮಾತನ್ನು ಯಾಕೆ ಮೆಚ್ಚಿದನು?
ನಿಮ್ಮ ಕಷ್ಟದಲ್ಲಿ ಯಾರ ಯಾವ ಮಾತು ನೋಯಿಸಿತು, ಯಾರ ಮೌನ ಸಂತೈಸಿತು?
“ಯಾಕೆ” ಅನ್ನೋದಕ್ಕೆ ಉತ್ತರ ಸಿಗದಿದ್ದರೂ “ನನಗೆ ಹೊಣೆ ಯಾರು” ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಸಾಕೇ? ಸಾಲದು ಅನ್ನಿಸಿದರೆ ಅದನ್ನೂ ಹೇಳಿ.

ಪ್ರಾರ್ಥಿಸೋಣ

ಎಲ್ಲರೂ ಕಣ್ಣು ಮುಚ್ಚಿ. ಪರಲೋಕದ ತಂದೆಯೇ, ನೂಲು ಮುಗಿದವರು ನಿನ್ನ ಮುಂದೆ ಕೂತಿದ್ದಾರೆ. ಕೆಲಸ ಹೋದವರು, ಮಗ್ಗ ಮಾರಿದವರು, ಅಪ್ಪನ ಫೋಟೋ ನೋಡಿ ಅಳುವವರು ಇಲ್ಲಿದ್ದಾರೆ. ಅವರಿಗೆ ಉತ್ತರ ಕೊಡೋದು ನಮ್ಮಿಂದ ಆಗದು. ನೀನೇ ಹೊಣೆಯಾಗು. ನೀನು ಕೊಟ್ಟ ಸಂಚಕಾರವನ್ನು ಈ ಗಳಿಗೆಯಲ್ಲಿ ಅವರ ಹೃದಯ ಅರಿಯಲಿ. ಪವಿತ್ರಾತ್ಮನೇ, ಸಹಾಯಕನೇ, ಇವತ್ತು ರಾತ್ರಿ ಅವರ ಮನೆಗಳಲ್ಲಿ ಅವರ ಜೊತೆ ಕೂತಿರು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.